ಕಿನಾಕೊ ಬರೆದ ಹಲಗೆ

ಒಸಾಕಾದ ಕೊಮಾಗಾವಾ ಅಂಗಡಿಸಾಲಿನಲ್ಲಿ ಮಿಚಿಯೊ ಒಕುಝಾಕಿಯ ಲಾಂಡ್ರಿ ಇದೆ. ಮುಂದೆ ಇಸ್ತ್ರಿಯ ಹಬೆ, ಹಿಂದೆ ಎರಡು ಕೋಣೆಯ ಮನೆ. ಅರವತ್ತೊಂದರ ಮಿಚಿಯೊ ಕಾಲರಿನ ಸವೆತ ನೋಡಿಯೇ ಅಂಗಿ ಯಾರದೆಂದು ಹೇಳಬಲ್ಲಳು. ಆದರೆ ಮದುವೆಗೆ ಮುಂಚೆ ಆಕೆ ಮಾಡುತ್ತಿದ್ದ ಕೆಲಸದ ವಿಷಯ ಗಿರಾಕಿಗಳಾರಿಗೂ ತಿಳಿಯದು. ಗಂಡ ತೆತ್ಸುಜಿಗೂ ಅರ್ಧವೇ ಗೊತ್ತು.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆಕೆ ಒಂದು ಪುಟ್ಟ ವಿಡಿಯೊ ಆಟದ ಕಂಪನಿಯಲ್ಲಿದ್ದಳು. ಹನ್ನೊಂದು ಜನ, ಒಂದೇ ಕೋಣೆ. ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬಿ ಚಿತ್ರ ಮಾಡುವುದು ಆಕೆಯ ಕೆಲಸ. ಚೌಕಗಳು ಸರಿಯಾಗಿ ತುಂಬಿದ್ದರೆ ಟೀವಿಯಲ್ಲಿ ನರಿ ನರಿಯಾಗಿಯೇ ಕಾಣುತ್ತಿತ್ತು. ಒಂದು ಚುಕ್ಕಿ ತಪ್ಪಿದರೂ ಬೆಕ್ಕಾಗುತ್ತಿತ್ತು. ಆಟ ಮುಗಿದ ಮೇಲೆ ಪರದೆಯಲ್ಲಿ ಬರುವ, ಅದನ್ನು ಮಾಡಿದವರ ಪಟ್ಟಿಯಲ್ಲಿ ಯಾರೂ ನಿಜವಾದ ಹೆಸರು ಹಾಕುವಂತಿರಲಿಲ್ಲ. ಹೆಸರು ಕಂಡರೆ ಪಕ್ಕದ ಕಂಪನಿಯವರು ಕೆಲಸಗಾರರನ್ನು ಎಳೆದುಕೊಂಡು ಹೋದಾರೆಂದು ಮಾಲೀಕರಿಗೆ ಭಯ. ಹಾಗಾಗಿ ಒಬ್ಬ ‘ಬೆಕ್ಕಿನ ಮೀಸೆ’, ಇನ್ನೊಬ್ಬ ‘ತೂಕಡಿಕೆ ರಾಯ’. ದಿನವೂ ಮಧ್ಯಾಹ್ನ ಹುರಿದ ಸೋಯಾ ಹಿಟ್ಟು ಉದುರಿಸಿದ ಬನ್ನು ತಿನ್ನುತ್ತಿದ್ದ ಮಿಚಿಯೊಗೆ ಆ ಹಿಟ್ಟಿನ ಹೆಸರೇ ಬಂತು: ಕಿನಾಕೊ.

‘ಏಳು ಬೆಟ್ಟದ ಅಂಚೆ’ ಎಂಬ ಆಟ ಅಂಗಡಿಗೆ ಬರಲು ಎರಡು ತಿಂಗಳಿದ್ದಾಗ ಆಕೆಗೆ ಮದುವೆಯಾಯಿತು. ಮದುವೆಯಾದವಳು ಕೆಲಸ ಬಿಡುವುದು ಆಗಿನ ರೂಢಿ. ಹೂಗುಚ್ಛ ಕೊಟ್ಟು ಕಳಿಸುವಾಗ ಜೊತೆಗೆಲಸದವಳೊಬ್ಬಳು ಪಿಸುಗುಟ್ಟಿದಳು: “ಬಿಟ್ಟುಹೋದೋರ ಹೆಸರು ಪಟ್ಟಿಯಿಂದ ತೆಗೀತಾರಂತೆ ಕಣೆ.” ನಿಜವೋ ಸುಳ್ಳೋ ಕೇಳುವ ಧೈರ್ಯ ಮಿಚಿಯೊಗೆ ಬರಲಿಲ್ಲ. ಮುಂದೆ ಕಂಪನಿ ಮುಚ್ಚಿತು. ಆ ಆಟದ ಕ್ಯಾಸೆಟ್ಟು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬಟ್ಟೆ ಒಗೆಯುವ ಯಂತ್ರದ ಬೆಲೆಗೆ ಏರಿತು. ಮೂವತ್ತೇಳು ವರ್ಷ ಆ ಪ್ರಶ್ನೆ ಹಾಗೆಯೇ ಉಳಿಯಿತು.

ಈ ವರ್ಷದ ಫೆಬ್ರವರಿಯಲ್ಲಿ ನಗೋಯಾದಿಂದ ಮಗಳು ಸಯೊ ಫೋನು ಮಾಡಿದಳು.

“ಅಮ್ಮಾ, ನೀನು ಚಿತ್ರ ಬರೆದಿದ್ದ ಆಟ ಮತ್ತೆ ಬಂದಿದೆ! ನಾನು ಅಲ್ಲಿ ಬಿಟ್ಟುಬಂದ ಆಟದ ಯಂತ್ರದಲ್ಲೇ ಆಡಬಹುದು. ಚಂದಾ ಕಟ್ಟಿದೋರಿಗೆ ಮಾತ್ರ, ಅದೂ ಮಾರ್ಚ್ ಮೂವತ್ತೊಂದರ ಸಂಜೆ ಐದರವರೆಗೆ. ಆಮೇಲೆ ತೆಗೆದುಬಿಡ್ತಾರೆ.”

ತೆತ್ಸುಜಿ ಇಸ್ತ್ರಿ ಎತ್ತದೆಯೇ ಗೊಣಗಿದ. “ಕೈಗೆ ಸಿಗದ ವಸ್ತುವಿಗೆ ಬಾಡಿಗೆಯಾ? ನಾಳೆ ಗಾಳಿಗೂ ಚಂದಾ ಕಟ್ಟು.”

“ನೀವು ಪಚಿಂಕೊ ಜೂಜಿನಲ್ಲಿ ಸುರಿದದ್ದು ಯಾವಾಗ ಕೈಗೆ ಸಿಕ್ತು, ರೀ?”

ತೆತ್ಸುಜಿ ಇಸ್ತ್ರಿಯ ಹಬೆಯನ್ನು ಸ್ವಲ್ಪ ಜೋರಾಗಿಯೇ ಬಿಟ್ಟ.

ಮಿಚಿಯೊ ಮೊದಲು ಕಟ್ಟಿದ್ದು ಕಡಿಮೆ ದರದ ಚಂದಾ. ಅದರಲ್ಲಿ ಈ ಆಟವಿರಲಿಲ್ಲ. ತುಟಿ ಕಚ್ಚಿಕೊಂಡು ಹೆಚ್ಚಿನದನ್ನೂ ಕಟ್ಟಿದಳು. ಪರದೆಯ ಮೇಲೆ ಅಂಚೆಯ ಚೀಲ ಹೊತ್ತ ನರಿ ಬಾಲ ಅಲ್ಲಾಡಿಸಿದಾಗ ಆಕೆ ಪರದೆಯ ಹತ್ತಿರಕ್ಕೆ ಸರಿದಳು. ಬಾಲದ ತುದಿಯ ಮೂರು ಬಿಳಿ ಚುಕ್ಕಿಗಳಿಗಾಗಿ ಆಗ ಮಾಲೀಕರೊಂದಿಗೆ ಎರಡು ದಿನ ಜಗಳವಾಡಿದ್ದಳು.

ಆದರೆ ಬರೆದವಳಿಗೆ ಆಡಲು ಬರುತ್ತಿರಲಿಲ್ಲ. ಬೇರೆ ಯಾರೋ ಆಡಿದ ವಿಡಿಯೊ ಹುಡುಕಿ ನೋಡಬಹುದಿತ್ತು. ಆಟವನ್ನು ಹಿಂದಕ್ಕೆ ಸರಿಸಿ ಬಿದ್ದ ಕಡೆಯಿಂದಲೇ ಮತ್ತೆ ಆಡುವ ಗುಂಡಿಯನ್ನೂ ಈ ಹೊಸ ಯಂತ್ರದಲ್ಲಿ ಕೊಟ್ಟಿದ್ದರು. ಎರಡೂ ಆಕೆಗೆ ಉತ್ತರ ಪತ್ರಿಕೆಯನ್ನು ಕದ್ದು ನೋಡಿದಂತೆ. ಕೆಲಸ ಮುಗಿದ ಮೇಲೆ ದಿನವೂ ಒಂದು ಗಂಟೆ ಆಡಿದಳು. ಫೆಬ್ರವರಿ ಮುಗಿಯುವಷ್ಟರಲ್ಲಿ ನಾಲ್ಕು ಬೆಟ್ಟ ದಾಟಿದಳು. ಐದನೆಯ ಬೆಟ್ಟದ ಮರದ ಸೇತುವೆಯಲ್ಲಿ ನರಿ ದಿನವೂ ಹೊಳೆಗೆ ಬಿದ್ದಿತು. ಸೇತುವೆಯ ಹಲಗೆಗಳಲ್ಲಿ ಒಂದು ಪೊಳ್ಳು. ಪ್ರತಿ ಸಲವೂ ಅದರ ಜಾಗ ಬೇರೆ. ನೋಡಲು ಎಲ್ಲವೂ ಒಂದೇ.

ಮಾರ್ಚ್ ಮೂವತ್ತೊಂದು ಭಾನುವಾರ, ಅಂಗಡಿಗೆ ರಜೆ. ಊಟವಾದ ಮೇಲೆ ತೆತ್ಸುಜಿ ಕಿತ್ತಳೆಯ ಬುಟ್ಟಿಯೊಂದಿಗೆ ಪಕ್ಕದಲ್ಲಿ ಬಂದು ಕುಳಿತ. ಎರಡು ಗಂಟೆಗೆ ನರಿ ಆ ದಿನ ಆರನೆಯ ಸಲ ಬಿದ್ದಿತು.

“ಅಯ್ಯೋ! ಯಾವ ಪಾಪಿ ಬರೆದನೋ ಈ ಹಲಗೇನ!”

“ನಾನೇ,” ಎಂದಳು ಮಿಚಿಯೊ.

ತೆತ್ಸುಜಿಯ ಕೈಯಲ್ಲಿದ್ದ ತೊಳೆ ಬಾಯಿ ಸೇರಲಿಲ್ಲ. “ನೀನಾ? ಹಾಗಾದ್ರೆ ಪೊಳ್ಳು ಯಾವುದು ಅಂತ ಗೊತ್ತಿರಬೇಕಲ್ಲ!”

“ಮೂವತ್ತೇಳು ವರ್ಷ ಆಯ್ತು ರೀ. ಮಕ್ಕಳು ಬೀಳಬೇಕು, ಆದ್ರೆ ಅನ್ಯಾಯ ಅನ್ನಬಾರದು ಅಂದಿದ್ರು ಮಾಲೀಕರು. ಏನೋ ಒಂದು ಗುರುತು ಬಿಟ್ಟಿದ್ದೆ.” ಪಟ್ಟಿಯ ಮಾತನ್ನೂ, ತಾನು ಕಾಣಲು ಕಾದಿರುವ ಹೆಸರಿನ ಮಾತನ್ನೂ ಮೊದಲ ಬಾರಿಗೆ ಗಂಡನಿಗೆ ಹೇಳಿದಳು. ಆ ಹೆಸರು ಯಾವುದೆಂದು ಮಾತ್ರ ಹೇಳಲಿಲ್ಲ. ಪಟ್ಟಿಯಲ್ಲಿ ಅದು ಇಲ್ಲದೇ ಹೋದರೆ ಆತ ಪೇಚಾಡಿಕೊಳ್ಳುವುದು ಬೇಡವೆನಿಸಿತು.

ತೆತ್ಸುಜಿ ಎದ್ದು ಅಂಗಡಿಯಿಂದ ರಸೀತಿ ಪುಸ್ತಕ, ಪೆನ್ಸಿಲು, ಅಡಿಕೋಲು ತಂದಿಟ್ಟ. “ತಲೆ ಮರೆತದ್ದು ಕೈಗೆ ನೆನಪಿರುತ್ತೆ. ನಾನು ಅಂಗಿ ಮಡಿಸುವಾಗ ಯೋಚನೆ ಮಾಡ್ತೀನಾ? ಬರಿ.”

ರಸೀತಿಯ ಬೆನ್ನಿಗೆ ಗೆರೆಗಳನ್ನೆಳೆದು ಮಿಚಿಯೊ ಚೌಕಗಳನ್ನು ತುಂಬತೊಡಗಿದಳು. ಒಂದು ಹಲಗೆ, ಎರಡು, ಮೂರು. ಪ್ರತಿ ಹಲಗೆಯ ಎಡ ಮೂಲೆಯಲ್ಲಿ ಮೊಳೆಯ ಒಂದು ಚುಕ್ಕಿ. ನಾಲ್ಕನೆಯ ಹಲಗೆಯ ಮೂಲೆಗೆ ಬಂದಾಗ ಪೆನ್ಸಿಲು ತಾನಾಗಿಯೇ ಆ ಚೌಕವನ್ನು ದಾಟಿ ಮುಂದೆ ಹೋಯಿತು.

“ಮೊಳೆ ಇಲ್ಲ!” ಎಂದು ಆಕೆ ಕೂಗಿದಳು. “ಪೊಳ್ಳು ಹಲಗೆಗೆ ಮೊಳೆ ಹೊಡೆದಿಲ್ಲ!”

ಮೂಗು ಪರದೆಗೆ ತಾಗುವಷ್ಟು ಬಗ್ಗಿ ತೆತ್ಸುಜಿ ಮೊಳೆಗಳನ್ನು ಎಣಿಸಿದ, ಮಿಚಿಯೊ ನರಿಯನ್ನು ಹಾರಿಸಿದಳು. ನರಿ ಸೇತುವೆ ದಾಟಿತು. ಆರನೆಯ ಬೆಟ್ಟ, ಏಳನೆಯ ಬೆಟ್ಟ. ನಾಲ್ಕು ಗಂಟೆಯ ಮೇಲೆ ಹತ್ತು ನಿಮಿಷಕ್ಕೆ ನರಿ ಕೊನೆಯ ಮನೆಯ ಬಾಗಿಲಲ್ಲಿ ಪತ್ರವಿಟ್ಟು ತಲೆಬಾಗಿತು. ಹೆಸರುಗಳು ಕೆಳಗಿನಿಂದ ಮೇಲೇರತೊಡಗಿದವು.

ಸಂಗೀತ: ತೂಕಡಿಕೆ ರಾಯ. ಚಿತ್ರ: ಬೆಕ್ಕಿನ ಮೀಸೆ. ಅದರ ಕೆಳಗೆ ಖಾಲಿ. ಮಿಚಿಯೊ ಮಡಿಲಲ್ಲಿ ಕೈಗಳನ್ನು ಜೋಡಿಸಿಕೊಂಡಳು. “ಇರಲಿ ಬಿಡಿ. ರೂಢಿ ಅಂದ್ರೆ ರೂಢಿ. ಆರಿಸಿಬಿಡಿ.”

“ಕೈ ಅಂಟಂಟು. ಮುಟ್ಟಿದ್ರೆ ನೀನೇ ಬೈತೀಯ. ಪೂರ್ತಿ ಬರಲಿ, ದುಡ್ಡು ಕಟ್ಟಿಲ್ವಾ?”

ಮತ್ತೆರಡು ಹೆಸರು ಬಂದವು. ಪರದೆ ಕಪ್ಪಾಯಿತು. ಆಮೇಲೆ ನಿಧಾನವಾಗಿ ಇನ್ನೊಂದು ಸಾಲು ಮೇಲೆದ್ದಿತು.

ನರಿ, ಬೆಟ್ಟಗಳು, ಸೇತುವೆ: ಕಿನಾಕೊ.

ಮಿಚಿಯೊ ಬಾಯಿಗೆ ಕೈಯಿಟ್ಟುಕೊಂಡಳು. ಹೆಸರನ್ನು ತೆಗೆಯದೆ ಉಳಿಸಿದ್ದ ಮಾಲೀಕರ ಹಟಮಾರಿ ಮುಖ ನೆನಪಾಯಿತು. ಇಷ್ಟು ವರ್ಷ ಆ ಮನುಷ್ಯನ ಮೇಲೆ ಒಳಗೊಳಗೇ ಮುನಿಸಿಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಅಳು ಬಂತು, ಜೊತೆಗೇ ನಗುವೂ ಬಂತು.

“ಕಿನಾಕೊ!” ತೆತ್ಸುಜಿ ಹೆಂಡತಿಯನ್ನು ಹೊಸಬಳಂತೆ ನೋಡಿದ. “ಹಾಗಾದ್ರೆ ದೇಶದ ಮಕ್ಕಳೆಲ್ಲ ಹೊಳೆಗೆ ಬಿದ್ದು ಬೈದದ್ದು ಈ ಹೆಸರನ್ನೇ ಅನ್ನು.”

“ಬೈಯೋದಕ್ಕಾದ್ರೂ ಹೆಸರು ಉಳೀತಲ್ಲ ರೀ.”

“ಇನ್ನೂ ಮುಕ್ಕಾಲು ಗಂಟೆ ಇದೆ.” ಆತ ಒದ್ದೆ ಬಟ್ಟೆಗೆ ಬೆರಳುಗಳನ್ನು ಒರೆಸಿಕೊಂಡು ಆಟದ ಹಿಡಿಯನ್ನು ಕಿತ್ತುಕೊಂಡ. “ಐದನೇ ಬೆಟ್ಟ ತೆಗಿ. ಮೊಳೆ ಗೊತ್ತಾಯ್ತಲ್ಲ, ಕಣ್ಣು ಮುಚ್ಚಿಕೊಂಡು ದಾಟ್ತೀನಿ.”

ಎರಡನೆಯ ಹಲಗೆಯಲ್ಲೇ ನರಿ ಹೊಳೆ ಸೇರಿತು.

“ಏ ಕಿನಾಕೊ!” ಎಂದು ತೆತ್ಸುಜಿ ಬೀದಿಗೆ ಕೇಳುವಂತೆ ಕಿರುಚಿದ.

“ಏನ್ರೀ?” ಎಂದಳು ಮಿಚಿಯೊ.