ಗುಡ್ಡದ ಹೊಟ್ಟೆಯಲ್ಲಿ ಗೇರು

ಮಾಪಣ್ಣನಿಗೆ ಹನ್ನೊಂದು ದಿನದ ಪಗಾರು ಬರಬೇಕು. ಇನ್ನೂ ಬಂದಿಲ್ಲ. ತೋರಿಸಿದ ಜಾಗದಲ್ಲಿ ಬಂಡೆ ಒಡೆಯುವ ಬ್ರೇಕರ್ ಮಶೀನು ಹಚ್ಚಲು ಒಲ್ಲೆ ಎಂದದ್ದೇ ಅವನ ತಪ್ಪು.

ಜಾಗ ಮರಾಠಿ ನಾಡಿನ ಘಣಸೋಲಿಯ ಪೂರ್ವಕ್ಕೆ, ಗುಡ್ಡದ ಬುಡ. ಅಲ್ಲೊಂದು ಟವರ್ ಏಳುತ್ತಿದೆ. ಕಾರುಗಳಿಗೆ ಜಾಗ ಸಾಲದೆಂದು ಗುಡ್ಡವನ್ನು ಕೆಳಗಿನಿಂದ ಕೊರೆಯುತ್ತಿದ್ದಾರೆ. ಕೊರೆದ ಗೋಡೆಯಿಂದ ನಲವತ್ತು ಹೆಜ್ಜೆಗೆ ಕೆಲಸಗಾರರ ಇಪ್ಪತ್ಮೂರು ತಗಡಿನ ಶೆಡ್ಡು. ಕಲಬುರಗಿ, ವಿಜಯಪುರ, ರಾಯಚೂರಿನವರು. ಮಕ್ಕಳು ಮರಿ ಸೇರಿ ನೂರಾ ಹತ್ತು ತಲೆ. ಒಂದು ಶೆಡ್ಡಿನಲ್ಲಿ ಮಾಪಣ್ಣ, ಅವನ ಹೆಂಡತಿ ಚಂದ್ರಬಾಯಿ.

ಮಾಪಣ್ಣ ಆಳಂದದ ಕಡೆಯವನು. ಕಿಲ್ಲಾರಿ ಭೂಕಂಪವಾದ ವರ್ಷ ಅವನ ಮನೆಯ ಗೋಡೆಯೂ ಕುಸಿಯಿತು. ಇಪ್ಪತ್ತರ ಪ್ರಾಯ, ಬಂದು ಇಲ್ಲಿನ ಖದಾನು, ಅಂದರೆ ಕಲ್ಲುಗಣಿ, ಸೇರಿದ. ಅಕ್ಷರ ಬಾರದು, ಕಲ್ಲು ಬರುತ್ತದೆ. ಈ ಗುಡ್ಡಗಳಲ್ಲಿ ಕಪ್ಪು ಬಂಡೆ ಹಾಸಿನ ಮೇಲೆ ಹಾಸು ಬಿದ್ದಿದೆ. ಎರಡು ಹಾಸುಗಳ ನಡುವೆ ಕೆಲವು ಕಡೆ ಗೇಣು ದಪ್ಪದ ಕೆಂಪು ಮಣ್ಣಿನ ಪದರ. ಖದಾನಿನವರು ಮರಾಠಿಯಿಂದ ಎತ್ತಿಕೊಂಡು ಅದನ್ನು ಗೇರು ಎನ್ನುತ್ತಾರೆ. ಒಣಗಿದ್ದರೆ ಇಟ್ಟಿಗೆ, ನೀರು ಕುಡಿದರೆ ಸಾಬೂನು.

ಮೇ ಕೊನೆಯಲ್ಲಿ ಬುಡ ಕೊರೆಯುವಾಗ ಆ ಪದರ ಕಂಡಿತು. ಮಾಪಣ್ಣ ಮಶೀನು ನಿಲ್ಲಿಸಿ ಗುತ್ತಿಗೆದಾರ ಗುಣಪಾಲನಿಗೆ ಫೋನು ಹಚ್ಚಿದ. ಗುಣಪಾಲ ಉಡುಪಿ ಕಡೆಯವನು, ಮನೆ ಠಾಕುರ್ಲಿಯಲ್ಲಿ.

"ಸಾಹೇಬ್ರ, ಬುಡದಾಗ ಗೇರು ಹತ್ಯಾದ. ಇನ್ನ ಕಡಿಬಾರ್ದ್ರಿ."

"ಗೇರು ಅಡ್ಡ ಬಂತಾ? ಕಡಿದು ಬಿಸಾಡು ಮಾರಾಯ. ಫಾರೆಸ್ಟಿನವರು ಬಂದರೆ ನಾನು ಮಾತಾಡ್ತೇನೆ."

"ಕಡಿದ್ರ ಮ್ಯಾಲಿಂದು ಕೆಳಗ ಬರ್ತದಲ್ರಿ!"

"ಬರ್ಲಿ ಮಾರಾಯ. ಕೊಂಬೆ ಬಿದ್ದು ಯಾರೂ ಸಾಯುದಿಲ್ಲ."

ಕರಾವಳಿಯ ಕಿವಿಗೆ ಗೇರು ಎಂದರೆ ಗೋಡಂಬಿಯ ಮರ. ಸಾಹೇಬರು ಕಡಿ ಎಂದಿದ್ದಾರೆಂದು ಇನ್ನೊಬ್ಬ ಬ್ರೇಕರಿನವ ಎರಡು ದಿನ ಕಡಿದ. ಆರು ಅಡಿ ಬುಡ ಹೋಯಿತು. ಮಾಪಣ್ಣ ಮಶೀನಿನಿಂದ ಇಳಿದು ಕೂತವನು ಮತ್ತೆ ಹತ್ತಲಿಲ್ಲ.

ಮೂರನೆಯ ದಿನ ಗುಣಪಾಲ ಬಂದು ಸುತ್ತ ನೋಡಿದ. "ಮರ ಎಲ್ಲುಂಟು?"

"ಯಾ ಮರ್ರಿ?"

ಚಂದ್ರಬಾಯಿ ನಕ್ಕುಬಿಟ್ಟಳು. ಮಾಪಣ್ಣ ನಗಲಿಲ್ಲ. ಕೆಂಪು ಮಣ್ಣು ಕೆರೆದು ಗುಣಪಾಲನ ಅಂಗೈಗೆ ಹಾಕಿ, ಬಾಟಲಿಯ ನೀರು ಹೊಯ್ದು, "ಉಜ್ಜಿ ನೋಡ್ರಿ" ಎಂದ. ಗುಣಪಾಲ ಉಜ್ಜಿದ, ಕರವಸ್ತ್ರಕ್ಕೆ ಒರೆಸಿದ. ತಪ್ಪು ತಿಳಿದ ಮೇಲಾದರೂ ಕೆಲಸ ನಿಲ್ಲಬೇಕಿತ್ತು. ಆದರೆ ಬಿಲ್ಡರನಿಗೆ ಮುಗಿಸಿಕೊಡಬೇಕಾದ ತಾರೀಕು ತಲೆ ಮೇಲಿತ್ತು.

"ಬಂಡೆ ಅಂದ್ರೆ ಬಂಡೆ. ಅದು ಯಾಕೆ ಜಾರ್ತದೆ?"

"ಓರೆ ಅದರೀ ಅದು. ಈ ಕಡೀಗೇ ಓರೆ."

"ಕಣ್ಣಲ್ಲಿ ಅಳೆದ್ಯಾ?"

ಗುಣಪಾಲ ಹೋದ ಮೇಲೆ ಮಾಪಣ್ಣ ಗೌಂಡಿಗಳ ಲೆವೆಲ್ ಪೈಪು ತಂದ. ಫರ್ಶಿ ಕಲ್ಲು ಹಾಸುವಾಗ ನೆಲದ ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ. ಒಂದು ತುದಿ ತನ್ನ ಕೈಯಲ್ಲಿ, ಇನ್ನೊಂದು ಚಂದ್ರಬಾಯಿಯ ಕೈಯಲ್ಲಿ. ಕೊರೆದ ಜಾಗದ ಪಕ್ಕದ ಗೋಡೆಯ ಉದ್ದಕ್ಕೂ ಗೇರಿನ ಗೆರೆ ಹಿಡಿದು ಅಳೆದರು. ಮೂವತ್ತು ಅಡಿಗೆ ಐದು ಅಡಿ ಇಳಿತ. ಇಳಿಯುವ ದಿಕ್ಕು ಪಡುವಣ, ನೇರ ಶೆಡ್ಡುಗಳ ಕಡೆ. ಮಾಪಣ್ಣ ಸುಣ್ಣದಲ್ಲಿ ಬಂಡೆಯ ಮೇಲೆ ಅಡಿಗೊಂದರಂತೆ ಐದು ಗೀಟು ಎಳೆದ.

ಇವನ ಬಾಯಿ ಮುಚ್ಚಿಸಲೆಂದು ಗುಣಪಾಲ ರವಿವಾರ ಮಗಳು ಅಶ್ಮಿತಾಳನ್ನು ಕರೆತಂದ. ಅವಳು ನೆರೂಳದ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಾಳೆ. "ಕಲ್ಲಿನ ಪಾಠ ಕಲಿತವಳು ಇವಳು. ಇವಳೇ ಹೇಳಲಿ." ಅವಳು ಗೀಟು ನೋಡಿದಳು, ತನ್ನ ಕಂಪಾಸು ತೆಗೆದು ಬಂಡೆಗೆ ಹಿಡಿದಳು, ಮತ್ತೆ ಗೀಟು ನೋಡಿದಳು.

"ಪಪ್ಪಾ, ಅಂಕಲ್ ಬರಾಬರ್ ಅಳೆದಿದ್ದಾರೆ."

"ಏನು ಬರಾಬರ್?"

"ಈ ಕಪ್ಪು ಬಂಡೆ ಎಲ್ಲ ಲಾವಾ, ಪಹಿಲೇ ಸೀದಾ ಹಾಸಿತ್ತು. ಆರೂವರೆ ಕೋಟಿ ವರ್ಷ ಹಿಂದೆ. ಆಮೇಲೆ ಪಶ್ಚಿಮದ ಜಮೀನು ಟೂಟ್ ಗಯಾ, ಒಡೆದು ದೂರ ಹೋಯ್ತು. ನಡುವೆ ಸಮುದ್ರ ಬಂತು. ಒಡೆದ ಅಂಚು ಕೆಳಗೆ ಬಗ್ಗಿತು. ನಾವು ಆ ಬಗ್ಗಿದ ಜಾಗದಲ್ಲೇ ನಿಂತಿದ್ದೇವೆ."

ನೆಲದ ಮೇಲ್ಪದರ ಒಂದೇ ತುಂಡಲ್ಲ, ದೊಡ್ಡ ದೊಡ್ಡ ಫಲಕಗಳು ಎಂದು ವಿವರಿಸಿದಳು. ನಮ್ಮದು ಇವತ್ತಿಗೂ ವರ್ಷಕ್ಕೆ ಎರಡಿಂಚು ಸರಿಯುತ್ತ ಉತ್ತರದ ಫಲಕವನ್ನು ದಬ್ಬುತ್ತಿದೆ. ಹಿಮಾಲಯ ಎದ್ದದ್ದು ಆ ದಬ್ಬಾಟಕ್ಕೆ ಎಂದೂ ಹೇಳಿದಳು.

ಮಾಪಣ್ಣ ಕೇಳಿದ: "ನಮ್ಮ ಕಡಿ ನೆಲ ನಡುಗಿದ್ದೂ ಅದಕ್ಕೇನವ್ವಾ?"

"ಕಿಲ್ಲಾರಿನಾ? ಹಾಂ. ಆ ದಬ್ಬಿದ ಜೋರು ಒಳಗಿನ ಹಳೇ ಬಿರುಕಿಗೂ ಬರ್ತದೆ."

"ಎರಡಿಂಚಿಗೇ ಊರ ಹೋಯ್ತು. ಇವರು ಆರು ಅಡಿ ಕಡಿದಾರ."

ಗುಣಪಾಲ ಮಗಳನ್ನು ಕಾರಿಗೆ ಹತ್ತಿಸಿದ. ಕೆಲಸ ನಿಲ್ಲಲಿಲ್ಲ, ಮಾಪಣ್ಣನ ಪಗಾರು ನಿಂತಿತು.

ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ. ಗೇರಿನ ಗೆರೆಯಿಂದ ನೀರು ಒಸರುತ್ತಿತ್ತು, ತಿಳಿಯಾಗಿತ್ತು. ಬುಧವಾರ ಮಧ್ಯಾಹ್ನ ಕೆಂಪಾಯಿತು. ಮಾಪಣ್ಣ ಬೆರಳು ಅದ್ದಿ ನೋಡಿದ; ಗೇರು ಕರಗಿ ಬರುತ್ತಿತ್ತು. ಕೂಡಲೆ ತಗಡು ಬಡಿಯುತ್ತ ಓಡಿದ. "ಹೊರಗ ಬರ್ರಿ! ಗುಡ್ಡ ಬರ್ಲತ್ತದ!"

ಯಾರೂ ಅಲುಗಲಿಲ್ಲ. ಕುಡಿಯುವ ನೀರಿನ ಟ್ಯಾಂಕರ್ ಬರುವ ಹೊತ್ತು. ಕೊಡಗಳ ಪಾಳಿ ಹಚ್ಚಿದ್ದರು. "ಪಾಳಿ ಬಿಟ್ಟು ಎಲ್ಲಿ ಹೋಗೂದೋ? ನಿಂದು ದಿನಾ ಇದೇ ಅದ" ಎಂದಳು ಒಬ್ಬ ಮುದುಕಿ, ಕೊಡದ ಮೇಲೆ ಕೂತು.

ಚಂದ್ರಬಾಯಿ ಗಂಡನ ಹಾಗೆ ಕೂಗಲಿಲ್ಲ. ಗೇಟಿಗೆ ಓಡಿ ಟ್ಯಾಂಕರಿನ ಮುಂದೆ ಅಡ್ಡ ನಿಂತಳು. "ಒಳಗ ಬರಬ್ಯಾಡ. ರಸ್ತೆ ಆಚಿಗಿ ನಿಂದ್ರಸು, ಪೈಪ್ ಬಿಡು." ಡ್ರೈವರ್ ಬೈದ, ಆದರೆ ನಿಲ್ಲಿಸಿದ. ಅವಳು ತಿರುಗಿ ಗಂಟಲು ಹರಿಯುವಂತೆ ಕೂಗಿದಳು: "ಟ್ಯಾಂಕರ್ ಆಚಿಗಿ ನಿಂತಾದ! ಖಾಲಿ ಆಗ್ಲತ್ತದ!"

ಗುಡ್ಡಕ್ಕೆ ಹೆದರದ ಜನ ನೀರಿಗೆ ಎದ್ದರು. ಮಕ್ಕಳು, ಕೊಡ, ಬಕೆಟ್ಟು, ಬೈಗುಳ ಎಲ್ಲ ಒಟ್ಟಿಗೆ ರಸ್ತೆ ದಾಟಿದವು. ನಡೆಯಲಾಗದ ಇಬ್ಬರನ್ನು ಮಾಪಣ್ಣ ಒಬ್ಬೊಬ್ಬರಾಗಿ ಹೊತ್ತು ತಂದ. ಎರಡನೆಯವನನ್ನು ಇಳಿಸುವಾಗ ಸದ್ದಾಯಿತು.

ಮೇಲಿನ ಹಾಸು ಇಡಿಯಾಗಿ ಜಾರಿ, ಒಂದು ಮೊಳ ಬಂದು, ನಿಂತಿತು. ಅಂಚಿನಿಂದ ಉರುಳಿದ ಗುಂಡುಕಲ್ಲುಗಳು ಮುಂದಿನ ಎರಡು ಶೆಡ್ಡುಗಳನ್ನು ಚಪ್ಪಟೆ ಮಾಡಿದವು. ಸತ್ತವರಿಲ್ಲ. ಗುಡ್ಡದ ತಲೆಯಲ್ಲಿ ಬಿಟ್ಟ ಬಿರುಕಿನಲ್ಲಿ ಒಬ್ಬ ಆಳು ನಿಲ್ಲಬಹುದು.

ಬಿಲ್ಡರನ ಮನುಷ್ಯ ಮರುದಿನ ಬಂದು, ನಿಂತದ್ದು ಗಟ್ಟಿಯಾಯಿತು ಎಂದ. ಸೋಮವಾರದಿಂದ ಎಲ್ಲರೂ ಶೆಡ್ಡಿಗೆ ಮರಳಬೇಕು, ಮರಳದವರಿಗೆ ಕೆಲಸವಿಲ್ಲ. ಗುಣಪಾಲ ನೆಲ ನೋಡುತ್ತ, "ನನ್ನ ಕೈಯಲ್ಲಿ ಇಲ್ಲ ಮಾರಾಯ" ಎಂದ. ಬಂಡೆ ಇನ್ನೂ ಜಾರಬಹುದೆಂದು ಅಶ್ಮಿತಾ ಎರಡು ಪುಟ ಬರೆದು ಸರಕಾರಿ ಕಚೇರಿಗೆ ಕೊಟ್ಟಿದ್ದಾಳೆ. ಠಸ್ಸೆ ಬಿದ್ದಿದೆ, ಯಾರೂ ಬಂದಿಲ್ಲ. ನೂರಾ ಹತ್ತು ಜನ ರಸ್ತೆಯಾಚೆ ಪ್ಲಾಸ್ಟಿಕ್ಕಿನಡಿ ಇದ್ದಾರೆ. ಮಳೆಗಾಲ ಇನ್ನೂ ಎರಡು ತಿಂಗಳಿದೆ.

ಆ ಟವರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದವರಲ್ಲಿ ಕನ್ನಡದವರು ಕಡಿಮೆಯಿಲ್ಲ. ಇದನ್ನು ಓದುತ್ತಿರುವ ನೀವೂ ಇರಬಹುದು. ಗುಡ್ಡದ ಬುಡ ಕಡಿದದ್ದು ನಿಮ್ಮ ಕಾರು ನಿಲ್ಲಲೆಂದು. ಸೋಮವಾರದೊಳಗೆ ಬಿಲ್ಡರನಿಗೆ ಬರೆದು ಕೊಡಿ: ಶೆಡ್ಡುಗಳನ್ನು ರಸ್ತೆಯಾಚೆ ಕಟ್ಟಿಕೊಡದೆ, ಜಾರಿದ ಬಂಡೆಯನ್ನು ತಜ್ಞರ ಕೈಲಿ ಬಿಗಿಸದೆ, ನಮಗೆ ಆ ಪಾರ್ಕಿಂಗ್ ಬೇಡ, ಮುಂದಿನ ಕಂತೂ ಇಲ್ಲ. ಸಹಿ ಹಾಕುತ್ತೀರೋ, ಇಲ್ಲವೋ?