ಕುಬಸದ ಎಡಮಗ್ಗಲು

ಕುಬಸ ಎಂಬ ಮಾತಿಗೆ ನಮ್ಮ ಕಡೆ ಎರಡು ಅರ್ಥ. ಸೀರೆಯ ಜೊತೆ ತೊಡುವ ರವಿಕೆಯೂ ಕುಬಸವೇ, ಚೊಚ್ಚಲ ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುವ ಕಾರ್ಯವೂ ಕುಬಸವೇ. ಹಾನಗಲ್ಲಿನಲ್ಲಿರುವ ನನ್ನ ಅಕ್ಕ ತನ್ನ ಮಗಳ ಕುಬಸಕ್ಕೆ ಕರೆಯಲು ಫೋನು ಮಾಡಿದವಳು ನನ್ನ ಕುಬಸದ ಮಾತನ್ನೂ ತೆಗೆದಳು.

"ನೀ ಬಾ. ಬರಬ್ಯಾಡ ಅನ್ನಾಕತ್ತಿಲ್ಲ. ಆದ್ರ ಉಡಿ ತುಂಬಾಕ ಮುಂದ ನಿಲ್ಲಬ್ಯಾಡ."

"ಯಾಕ?"

"ಬೀಗರು ಹಿರೇಕೆರೂರಿಂದ ಬರ್ತಾರ. ಬೀಗತಿ ಹಳೇ ಕಾಲದಾಕಿ. ಉಡಿ ತುಂಬೋ ಮುತ್ತೈದೇರಿಗೆ ಮೈಯಾಗ ಊನ ಇರಬಾರ್ದು ಅಂತಾಳ."

"ಆಕಿ ಕಣ್ಣಿಗೆ ಚಾಳೀಸು ಹಾಕ್ಕೊಂತಾಳಲ್ಲ, ಅದೇನು ದಾಗೀನೇನು?"

"ನಿನ್ನ ಕೂಡ ಮಾತಾಡಿ ಯಾರು ಗೆದ್ದಾರ. ಇಲ್ಲಂದ್ರ ಅದನ್ನ ತುಂಬಕೊಂಡ ಬಾ. ಯಾರಿಗೂ ತಿಳಿಯೂದಿಲ್ಲ."

'ಅದು' ಎಂದರೆ ಸ್ಪಂಜು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರಿನ ಸಲುವಾಗಿ ನನ್ನ ಎಡ ಮೊಲೆಯನ್ನು ಪೂರ್ತಿ ತೆಗೆದರು. ಮನೆಗೆ ಹೊರಟಾಗ ನರ್ಸು ಆ ಸ್ಪಂಜನ್ನು ಕೈಗಿಟ್ಟಿದ್ದಳು.

ಉಡಿ ತುಂಬುವುದು ಅಂಥ ದೊಡ್ಡ ಮಾತೇನು ಎಂದು ಯಾರಾದರೂ ಕೇಳಬಹುದು. ನನಗೆ ದೊಡ್ಡದೇ. ಆ ಹುಡುಗಿ ಐದು ವರ್ಷ ಶಿಗ್ಗಾಂವಿಯ ನನ್ನ ಮನೆಯಲ್ಲಿದ್ದು ಕಾಲೇಜು ಕಲಿತವಳು. ಅವಳ ತಲೆ ಬಾಚಿದ್ದೇನೆ, ಪರೀಕ್ಷೆಯಲ್ಲಿ ನಪಾಸಾದಾಗ ಬೈದಿದ್ದೇನೆ, ಮತ್ತೆ ಕಟ್ಟಿಸಿ ಪಾಸು ಮಾಡಿಸಿದ್ದೇನೆ. ಅವಳ ಉಡಿಗೆ ಒಂದು ಬೊಗಸೆ ಅಕ್ಕಿ ಹಾಕುವ ಹಕ್ಕು ನನಗಿಲ್ಲವೆಂದರೆ ಮತ್ತೆ ಯಾರಿಗಿದೆ?

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಅಪ್ಪ, ಅವ್ವ ಇಬ್ಬರದೂ ಹೆಬ್ಬೆಟ್ಟು. ಅಕ್ಕ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದಳು. ನಾನು ನಮ್ಮೂರು ದುಂಡಸಿಯಿಂದ ಶಿಗ್ಗಾಂವಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎ. ಮಾಡಿದೆ. ಆಮೇಲೆ ಬಿ.ಎಡ್. ಮಾಡಿ ಶಿಕ್ಷಕಿಯಾದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಾಗಾಗಿ ಆಪರೇಶನ್ನಿಗೆ ಮುಂಚೆ ಡಾಕ್ಟರು ನನ್ನನ್ನು ಬಿಟ್ಟು ನನ್ನ ಗಂಡನ ಮುಖ ನೋಡಿ, "ಬೇಕಾದರೆ ಬೆನ್ನಿನ ಮಾಂಸ ತೆಗೆದು ಹೊಸದು ಮಾಡಬಹುದು, ವಿಚಾರ ಮಾಡಿ ಹೇಳಿ" ಎಂದಾಗ ನಾನು ಸುಮ್ಮನಿರಲಿಲ್ಲ.

"ಡಾಕ್ಟರ್ರ, ಮೈ ನಂದೈತ್ರಿ. ನನಗ ಹೇಳ್ರಿ," ಎಂದೆ.

ನನ್ನ ಗಂಡ ಬಸ್ ಕಂಡಕ್ಟರು, ಮಾತು ಕಡಿಮೆ. "ಹೌದ್ರಿ, ಆಕಿಗೇ ಕೇಳ್ರಿ," ಎಂದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ನಾನು ಕಾಗದವನ್ನೆಲ್ಲ ಓದಿ, ತಿಳಿಯದ ಕಡೆ ಬೆರಳಿಟ್ಟು ಕೇಳಿ, ಹೊಸದು ಬೇಡವೆಂದು ಸಹಿ ಮಾಡಿದೆ. ರೋಗವಿಲ್ಲದ ಬೆನ್ನನ್ನು ಕೊಯ್ಯಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ. ಪಕ್ಕದ ಮಂಚದ ಸವಣೂರಿನ ಹೆಣ್ಣುಮಗಳು ಬೇಕೆಂದಳು, ಮಾಡಿಸಿಕೊಂಡಳು. ಅದೂ ಸರಿಯೇ. ಅವಳ ಮೈ, ಅವಳ ಮಾತು.

ಸ್ಪಂಜನ್ನು ನಾನು ಹಾಕಿಕೊಳ್ಳಲೇ ಇಲ್ಲವೆಂದಲ್ಲ. ಶಾಲೆಗೆ ಒಂದು ತಿಂಗಳು ಹಾಕಿಕೊಂಡು ಹೋದೆ. ಬೇಸಿಗೆಯಲ್ಲಿ ಅದರ ಅಡಿ ಬೆವರು ಕೂತು ಹೊಲಿಗೆಯ ಗುರುತು ಉರಿಯುತ್ತಿತ್ತು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಕುತ್ತಿಗೆಯ ಕಡೆ ಏರುತ್ತಿತ್ತು. ಒಂದು ದಿನ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ತನ್ನ ಹೆಗಲು ಮುಟ್ಟಿಕೊಂಡು ನನಗೆ ಸನ್ನೆ ಮಾಡಿದಳು. ಸ್ಟಾಫ್ ರೂಮಿಗೆ ಹೋಗಿ ತೆಗೆದು ಚೀಲದಲ್ಲಿ ಉತ್ತರಪತ್ರಿಕೆಗಳ ನಡುವೆ ಇಟ್ಟೆ. ಅಂದಿನಿಂದ ಎಡಮಗ್ಗಲು ಸಪಾಟಾಗಿಯೇ ಇದೆ. ಸೆರಗಿಗೆ ನಿಲ್ಲಲು ಆಸರೆಯಿಲ್ಲ, ಎರಡು ಪಿನ್ನು ಬೇಕು. ಸಂಜೆಗೆ ಎಡಗೈ ಬಾತು ಬಳೆ ಬಿಗಿಯುತ್ತದೆ, ತುಂಬಿದ ಕೊಡ ಎತ್ತಲಾಗದು. ಕೆಲವು ಸಲ ಇಲ್ಲದ ಜಾಗ ತುರಿಸುತ್ತದೆ, ಕೆರೆಯಲು ಹೋದರೆ ಕೈಗೆ ಎಲುಬು ಸಿಗುತ್ತದೆ. ಇವೆಲ್ಲ ಸಂಕಟಗಳೇ. ಆದರೆ ಇವು ನನ್ನವು, ಇವುಗಳ ಜೊತೆ ಬಾಳುವುದನ್ನು ಕಲಿತಿದ್ದೇನೆ. ಬೇರೆಯವರ ಉಪಕಾರ ಮಾತ್ರ ತಡೆಯಲಾಗುವುದಿಲ್ಲ. ಕುಬಸ ಹೊಲಿಯುವಾಕೆ ನಾನು ಕೇಳದೆಯೇ ಎಡಗಡೆ ಒಂದು ಹಿಡಿ ಹತ್ತಿ ತುಂಬಿ ಕೊಟ್ಟಿದ್ದಳು.

"ಇದೇನವಾ?"

"ಇರಲಿ ಬಿಡ್ರಿ ಅಕ್ಕಾರ. ಮಂದಿ ಕಣ್ಣಿಗೆ ಚಂದ ಕಾಣ್ತೈತಿ."

"ಮಂದಿ ಕಣ್ಣಿಗೆ ಹತ್ತಿ ಇಡು, ನನ್ನ ಕುಬಸಕ್ಕ ಬ್ಯಾಡ," ಎಂದು ಅಲ್ಲೇ ಬಿಚ್ಚಿಸಿದೆ.

ಕಾರ್ಯದ ದಿನ ಅದೇ ಕುಬಸ ತೊಟ್ಟು ಹಾನಗಲ್ಲಿಗೆ ಹೋದೆ. ಹುಡುಗಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಅಕ್ಕ ಬಾಗಿಲಲ್ಲೇ ನನ್ನ ಎದೆ ನೋಡಿ, "ಬಂದ್ಯಾ," ಎಂದಳು. ಮುಖ ನೋಡಲಿಲ್ಲ. ನನ್ನನ್ನು ಗೋಡೆಯ ಪಕ್ಕ ಕೂರಿಸಿ ಒಬ್ಬೊಬ್ಬರನ್ನೇ ಕರೆದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣದ ಬೇರು ಉಡಿಗೆ ಬಿದ್ದವು. ಐದನೆಯವಳದು ಮುಗಿದ ಮೇಲೆ ಅಕ್ಕ ಆರತಿಗೆ ಕೈ ಹಾಕಿದಳು.

ಹುಡುಗಿ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅವ್ವಾ, ಚಿಗವ್ವ ತುಂಬ್ಲಿಲ್ಲಲ್ಲ," ಎಂದಳು.

"ಐದ ಆತು. ಸುಮ್ಮನ ಕುಂದ್ರು."

ನಾನು ಎದ್ದೆ. ಕುರ್ಚಿಯ ಮೇಲಿದ್ದ ಬೀಗತಿಯ ಮುಂದೆ ಹೋಗಿ ನಿಂತೆ. "ಬೀಗತ್ಯಾರ, ನನಗ ಕ್ಯಾನ್ಸರ್ ಆಗಿತ್ತು. ಎಡಗಡೆ ಮೊಲಿ ತಗದಾರ. ನಾ ಉಡಿ ತುಂಬಿದ್ರ ನಿಮಗೇನರ ಅಡ್ಡಿ ಐತೇನ್ರಿ?"

ಆಕೆ ಚಾಳೀಸು ಸರಿಮಾಡಿಕೊಂಡು ನನ್ನನ್ನು ನೋಡಿದರು, ಆಮೇಲೆ ಅಕ್ಕನನ್ನು.

"ನನಗ ಗೊತ್ತ ಇಲ್ಲಲ್ಲವಾ ಈ ಸುದ್ದಿ. ನಾ ಯಾಕ ಅಡ್ಡಿ ಅನ್ಲಿ? ಸಾವಿನ ಬಾಯಾಗಿಂದ ಎದ್ದ ಬಂದೀರಿ, ನಿಮ್ಮ ಕೈಲೆ ತುಂಬಿದ್ರ ಚೊಲೋನ ಆತು." ಉಡಿ ತುಂಬಿದವರನ್ನು ಬೆರಳಲ್ಲಿ ಎಣಿಸಿ ಅಂದರು, "ಆದ್ರ ಆರು ಮಂದಿ ಆಗಬಾರ್ದು ನೋಡ್ರಿ. ಏಳು ಮಾಡ್ರಿ."

ಅಂದರೆ ಹಳೇ ಕಾಲದಾಕೆಗೆ ಇದ್ದ ಅಡ್ಡಿ ಎಣಿಕೆಯದು ಮಾತ್ರ. ಊನ ಎಂಬ ಮಾತು ಅಕ್ಕನ ಬಾಯಿಂದಲೇ ಹುಟ್ಟಿದ್ದು.

ಏಳನೆಯವಳಿಗಾಗಿ ಹುಡುಕಾಟ ನಡೆಯಿತು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳನ್ನು ಎಬ್ಬಿಸಿ ತಂದರು. ಅವಳು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, "ನನ್ನ ಹೆಂಚು ಒಲಿ ಮ್ಯಾಲೈತ್ರಿ, ಲಗೂನ ತುಂಬಿಸ್ರಿ," ಎಂದಳು. ಹೆಂಗಸರು ನಕ್ಕರು. ನಾನು ನಗಲಿಲ್ಲ. ಐದು ಸಲ ಬೊಗಸೆ ತುಂಬ ಅಕ್ಕಿ ಹಾಕಿದೆ. ಐದನೇ ಬೊಗಸೆಗೆ ಎಡಗೈ ಸೋತು ನಾಲ್ಕು ಕಾಳು ಮಣೆಯ ಮೇಲೆ ಚೆಲ್ಲಿದವು.

ಹೋಳಿಗೆ ಬೇಯಿಸಲು ಹೋದ ಅಕ್ಕನ ಹಿಂದೆ ಅಡುಗೆಮನೆಗೆ ಹೋದೆ.

"ಬೀಗತಿ ಹೆಸರು ಯಾಕ ಹೇಳಿದಿ?"

"ಮತ್ತೇನು ಹೇಳ್ಲಿ? ನನ್ನ ಮಗಳಿಗೆ, ಹುಟ್ಟೋ ಕೂಸಿಗೆ ಏನರ ಆದ್ರ ಅಂತ ಹೆದರಿಕಿ ನನಗ. ನಿನಗೇನು, ಸಾಲಿ ಕಲತಾಕಿ."

"ನಾ ಐದು ವರ್ಷ ಉಣ್ಣಾಕ ಹಾಕಿದ ಕೈಲೆ ಆಕಿಗೆ ಏನಾಗ್ತೈತಿ?"

"ಅಷ್ಟು ಮಂದ್ಯಾಗ ಮೊಲಿ ಅಂದಿ. ನನ್ನ ಮರ್ಯಾದಿ ಉಳಿಸಿದೇನು?"

"ನಿನ್ನ ಮರ್ಯಾದಿ ನನ್ನ ಕುಬಸದಾಗ ಇಟ್ಟಿದ್ದೇನು?"

ಅವಳು ಹೆಂಚಿನ ಕಡೆ ತಿರುಗಿದಳು, ನಾನು ಒಲೆಗೆ ಅಡ್ಡ ನಿಂತಿದ್ದೆ. ಆಸ್ಪತ್ರೆಯಲ್ಲಿ ಎಂಟು ದಿನ ನನ್ನ ಮೈ ಒರೆಸಿದವಳು ಇವಳೇ. ಆ ಗಾಯವನ್ನು ಗಂಡನಿಗಿಂತ ಮೊದಲು ನೋಡಿದವಳೂ ಇವಳೇ. ಅಂಥವಳಿಗೇ ಅದು ಅಪಶಕುನವಾಗಿ ಕಂಡಿತ್ತು. ಬೀಗತಿ ಅಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಸರಿ ಅತ್ಲಾಗ," ಎಂದಳು ಅಕ್ಕ. "ಹೋಳಿಗಿ ಹೊತ್ತಾಕತ್ತೈತಿ."

ನಾನು ಸರಿಯಲಿಲ್ಲ.