ಕಾಕಾ ತಿನ್ನದ ಸಕ್ಕರೆ

ಹೋದ ವಾರ ಸಿಂಧನೂರಿನ ಬೀಜದ ಅಂಗಡಿಯಲ್ಲಿ ಒಂದು ಚೀಲ ಒಡೆದು ಹತ್ತಿ ಬೀಜ ನೆಲದ ತುಂಬ ಚೆಲ್ಲಿತ್ತು. ಔಷಧಿ ಹಚ್ಚಿದ ಬೀಜದ ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು. ಅವರ ಅಂಗಿಗೆ ಯಾವಾಗಲೂ ಇದೇ ವಾಸನೆ... ರಕ್ತಸಂಬಂಧಿಯೇನಲ್ಲ. ದೊಡ್ಡ ಬೀಜದ ಕಂಪನಿಯೊಂದರ ಫೀಲ್ಡ್ ಸೂಪರ್‌ವೈಜರ್. ಸಂತೆಕಲ್ಲೂರಿನ ನಮ್ಮ ಹೊಲದಲ್ಲಿ ಅಪ್ಪ ಆ ಕಂಪನಿಗೆ ಹತ್ತಿ ಬೀಜ ಬೆಳೆದುಕೊಡುತ್ತಿದ್ದ. ಹಂಗಾಮಿನಲ್ಲಿ ಕಾಕಾ ನಮ್ಮ ಮನೆಯವರೇ ಆಗಿಬಿಡುತ್ತಿದ್ದರು.

ಬೀಜದ ಹತ್ತಿ ಸಸಾರದ ಬೆಳೆಯಲ್ಲ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಸವರಬೇಕು. ನಡುವೆ ಬೇರೆ ತಳಿಯ ಗಿಡ ನುಸುಳಿದ್ದರೆ ಬೀಜವೆಲ್ಲ ಕೆಟ್ಟಂತೆ. ಅಂಥ ಗಿಡವನ್ನು ಹೂ ಬಿಡುವ ಮೊದಲೇ ಗುರುತಿಸಿ ಕೀಳಿಸುವುದು ಕಾಕಾನ ಕೆಲಸ. ಒಂದು ಗಿಡ ಕಿತ್ತು ನನ್ನ ಕೈಗಿತ್ತು, "ಇದರಾಗ ಏನ್ ಬ್ಯಾರೆ ಐತಿ, ಹೇಳು ನೋಡೂಣು" ಎನ್ನುತ್ತಿದ್ದರು. ನಾನು ಎಲೆ ತಿರುವಿ, ಕಾಂಡ ಮುಟ್ಟಿ ನೋಡಿ ಸೋಲುತ್ತಿದ್ದೆ. ಉತ್ತರ ಹೇಳುವಂತಾಗಲು ಎರಡು ಹಂಗಾಮು ಹಿಡಿಯಿತು. ಕೃಷಿ ಡಿಪ್ಲೊಮಾ ಓದುವ ಹುಚ್ಚು ಹತ್ತಿದ್ದು ಅಲ್ಲಿಯೇ.

ಕಾಕಾ ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪನಿ ನೌಕರಿ ಎಂದರೆ ಸರ್ಕಾರಿ ನೌಕರಿಗಿಂತ ಒಂದು ಕೈ ಮೇಲು. ಲಿಂಗಸುಗೂರಿನಲ್ಲಿ ಮನೆ, ಓಡಾಡಲು ಗಾಡಿ, ಮಕ್ಕಳ ಶಾಲೆಯ ಫೀ. ಕಾಕಿಯ ಆಪರೇಷನ್ನಿನ ಖರ್ಚನ್ನೂ ಕಂಪನಿಯೇ ಕೊಟ್ಟಿತ್ತು. ಆಮೇಲೆ ಒಂದೊಂದಾಗಿ ಎಲ್ಲಕ್ಕೂ ಕತ್ತರಿ ಬಿತ್ತು. ಹೊಸಬರಿಗೆ ಹನ್ನೊಂದು ತಿಂಗಳ ಗುತ್ತಿಗೆಯ ಕಾಗದ. ಗಾಡಿ ಅವರದೇ, ಕಾಯಿಲೆ ಬಂದರೆ ಆಸ್ಪತ್ರೆಯ ಖರ್ಚೂ ಅವರದೇ. ಗೊರೇಬಾಳದಿಂದ ಬಂದ ಹುಡುಗ ತಿಂಗಳೊಳಗೆ ಗೊಬ್ಬರದ ಅಂಗಡಿ ಸೇರಿಕೊಂಡ. ಸಾಲಗುಂದದವನಂತೂ ಕಂಪನಿ ಕೊಟ್ಟ ಟೋಪಿಯನ್ನೂ ವಾಪಸ್ ಮಾಡದೆ ಹೋದ. ಗಿಡ ಗುರುತಿಸಲು ಎರಡು ಹಂಗಾಮು ಬೇಕು, ಬಂದವರು ಎರಡು ತಿಂಗಳು ನಿಲ್ಲುತ್ತಿರಲಿಲ್ಲ.

ಹೀಗಾಗಿ ನಿವೃತ್ತಿಯ ವಯಸ್ಸು ದಾಟಿದರೂ ಕಾಕಾಗೆ ಬಿಡುಗಡೆ ಸಿಗಲಿಲ್ಲ. ನಿಮ್ಮ ಜಾಗಕ್ಕೆ ಒಬ್ಬರನ್ನು ತಂದು ನಿಲ್ಲಿಸಿ, ಆಮೇಲೆ ಹೋಗಿ ಎಂದಿತ್ತು ಆಫೀಸು. ಬಿಟ್ಟು ಹೋಗಲು ಅವರಿಗೂ ಮನಸ್ಸಿಲ್ಲ, ಕಂಪನಿಯ ಬೀಜದ ಪ್ಲಾಟು ಹಿಡಿದ ರೈತರ ಗತಿಯೇನು ಎಂಬ ಚಿಂತೆ. ಮೊಣಕಾಲು ಬಾತುಕೊಂಡಿತ್ತು. ಬದು ಹತ್ತುವಾಗ ಹಲ್ಲು ಕಚ್ಚುತ್ತಿದ್ದರು.

ಆಗಷ್ಟೇ ನನ್ನ ಡಿಪ್ಲೊಮಾ ಮುಗಿದಿತ್ತು. ಮುಂದೆ ಡಿಗ್ರಿ ಓದಲು ಸೀಟಿಗೆ ಅರ್ಜಿ ಹಾಕಿದ್ದೆ. ಕಾಕಾ ತಮ್ಮ ಜಾಗಕ್ಕೆ ಆಫೀಸಿನಲ್ಲಿ ನನ್ನ ಹೆಸರು ಹೇಳಿದರು. ಅಪ್ಪನಿಗೆ ಮಾತ್ರ ಕಂಪನಿ ಎಂದರೆ ಇನ್ನೂ ಹಳೆಯ ಕಂಪನಿಯೇ. ಮಗಳಿಗೆ ಕಾಕಾನ ಕುರ್ಚಿ ಸಿಗುತ್ತದೆಂದು ಕುಣಿದಾಡಿದ. ನಾನೂ ಹೂಂ ಎಂದೆ. ನಿಜ ಹೇಳಬೇಕೆಂದರೆ ಪಗಾರ ನೋಡಿ ಅಲ್ಲ, ಆ ಮೊಣಕಾಲು ನೋಡಿ. ಸೀಟು ಬಂದರೆ ನಡುವೆಯೇ ಬಿಟ್ಟರಾಯಿತು ಎಂಬ ಕಳ್ಳ ಲೆಕ್ಕವೂ ಒಳಗಿತ್ತು.

ಸಿಂಧನೂರಿನ ಆಫೀಸಿನಿಂದ ಸಾಹೇಬರು ನೌಕರಿಯ ಕಾಗದ ಹಿಡಿದು ಕಾಕಾನ ಜೊತೆ ಮನೆಗೆ ಬಂದರು. ನಮ್ಮಲ್ಲಿ ಹೆಣ್ಣು ಕೊಡುವ ಮಾತಿರಲಿ, ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವ ಮಾತಿರಲಿ, ಗಟ್ಟಿಯಾದರೆ ಸಕ್ಕರೆ ತಿನ್ನುತ್ತಾರೆ. ತಿಂದವರು ಮಾತಿಗೆ ಕಟ್ಟುಬಿದ್ದ ಹಾಗೆ. ಮಾತು ತಂದವರು ಕೊನೆಗೆ ತಿನ್ನಬೇಕು, ಅಲ್ಲಿಗೆ ಮುಗಿಯಿತು. ಅಪ್ಪ ನೌಕರಿಗೂ ಅದನ್ನೇ ಮಾಡಿದ! ಕಾಗದ ಓದುವ ಮೊದಲೇ ತಟ್ಟೆ ಹಿಡಿದು ತಾನು ತಿಂದು, ಸಾಹೇಬರಿಗೂ ನನಗೂ ತಿನ್ನಿಸಿದ. ಕಾಕಾ ಮಾತ್ರ ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕಾಗದ ಕೇಳಿದರು. ಮೂಗಿಗೆ ಚಾಳೀಸು ಏರಿಸಿ ನಿಧಾನಕ್ಕೆ ಓದಿದರು.

"ಸಾಹೇಬ್ರ, ಹುಡುಗಿ ಅಸಲಿ ಮಾರ್ಕ್ಸ್ ಕಾರ್ಡ್ ನೀವ್ಯಾಕ ಇಟ್ಕೋತೀರಿ?"

"ಎಲ್ಲರೂ ನಡುವೆ ಬಿಟ್ಟು ಹೋಗ್ತಾರಲ್ಲ, ಅದಕ್ಕೆ ಆಫೀಸಿನವರು ಈ ವರ್ಷ ಸೇರಿಸಿದ್ದಾರೆ. ಹಂಗಾಮು ಮುಗಿದ ಮೇಲೆ ವಾಪಸ್ ಕೊಡ್ತೀವಿ."

ನಾನಾಗಲೇ ಸಕ್ಕರೆ ತಿಂದಾಗಿತ್ತು. ಸೀಟಿಗೆ ಕರೆದಾಗ ಆ ಅಂಕಪಟ್ಟಿ ಕೈಯಲ್ಲಿರಬೇಕು, ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿದಂತೆ.

"ಪಗಾರ ಸಾಲಂಗಿಲ್ಲಂತ ಬಿಟ್ಟು ಹೊಂಟಾರ್ರಿ ಅವ್ರು. ಮಾರ್ಕ್ಸ್ ಕಾರ್ಡ್ ಕಟ್ಟಿ ಹಾಕಿದ್ರ ಮನಷಾ ನಿಲ್ತಾನೇನು?" ಎಂದ ಕಾಕಾ ಅಂಗೈಯ ಸಕ್ಕರೆಯನ್ನು ತಟ್ಟೆಗೆ ಸುರಿದು ಅಪ್ಪನ ಕಡೆ ತಿರುಗಿದರು. "ಅಣ್ಣಾ, ತಪ್ಪು ತಿಳ್ಕೋಬ್ಯಾಡ. ಮಾತು ತಂದಾಂವ ನಾನು, ನಾನ ತಿನ್ನಾಕ ಒಲ್ಲೆ. ಹುಡುಗಿ ಓದಾಕ ಹೋಗ್ಲಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಳಗೆ ಹೋಗಿ ಅವ್ವನ ಸೆರಗು ಹಿಡಿದು ಅತ್ತೂ ಬಿಟ್ಟೆ. ಆದರೆ ಸಾಹೇಬರ ಹಿಂದೆ ಕುಂಟುತ್ತ ಹೊರಟ ಕಾಕಾನ ಮುಖ ನೋಡುವ ಧೈರ್ಯ ಆಗಲಿಲ್ಲ... ಮನೆಯ ಸಕ್ಕರೆ ತಟ್ಟೆಗೆ ವಾಪಸ್ ಬಂತೆಂದು ಅಪ್ಪ ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದ. ನನಗೆ ಸೀಟು ಬಂದಾಗ ತಾನೇ ಹೋಗಿ ಅವರನ್ನು ಕರೆದುಕೊಂಡು ಬಂದ.

ಆ ಹಂಗಾಮು ಕಾಕಾ ಒಬ್ಬರೇ ಎಲ್ಲ ಪ್ಲಾಟು ನಡೆದರು. ಮುಗಿದ ಮೇಲೆ ಒಬ್ಬೊಬ್ಬ ರೈತನ ಮನೆಗೂ ಹೋಗಿ, "ಬರೋ ವರ್ಷ ಪ್ಲಾಟು ಹಿಡೀಬ್ಯಾಡ್ರಿ, ಇಲ್ಲಿ ಗಿಡ ನೋಡಾವ್ರು ಯಾರೂ ಉಳದಿಲ್ಲ" ಎಂದು ಹೇಳಿ, ಬಿಡುಗಡೆಗೆ ಕಾಯದೆ ನೌಕರಿ ಬಿಟ್ಟರಂತೆ. ಮರುವರ್ಷ ರಜೆಗೆ ಬಂದಾಗ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಮೊಮ್ಮಗಳ ಕೈಹಿಡಿದು ನಿಂತಿದ್ದರು. "ಯವ್ವಾ, ಇವತ್ತ ಎಷ್ಟಕ್ಕ ಎದ್ದೀನಿ ಗೊತ್ತೇನ? ಎಂಟಕ್ಕ!" ಎಂದು ನಕ್ಕರು. ಮೂವತ್ತು ವರ್ಷ ಹೊತ್ತು ಮೂಡುವ ಮೊದಲೇ ಹೊಲದಲ್ಲಿರುತ್ತಿದ್ದ ಮನುಷ್ಯ. ನೋಡಿ ನನಗೂ ಸ್ವಲ್ಪ ಹಗುರವಾಯಿತು.

ಈಗ ನಾನು ಲಿಂಗಸುಗೂರಿನ ಮಣ್ಣು ಪರೀಕ್ಷೆಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ, ಇಲ್ಲಿಗೆ ಬಂದು ತಿಂಗಳಾಯಿತಷ್ಟೆ. ಕಾಕಾ ತೀರಿಹೋಗಿ ಎರಡು ವರ್ಷವಾಯಿತು. ಆಗ ದೂರದ ಊರಿನಲ್ಲಿದ್ದೆ, ಬರಲಾಗಿರಲಿಲ್ಲ. ಬೀಜದ ಅಂಗಡಿಗೆ ಹೋದ ದಿನವೇ ಕಾಕಿಯ ಮನೆಗೆ ಹೋದೆ. ಇಷ್ಟು ವರ್ಷ ಒಳಗೆ ಕೊರೆಯುತ್ತಿದ್ದುದನ್ನು ಕೇಳಿಯೇ ಬಿಟ್ಟೆ. ನನ್ನಿಂದ ಅವರು ಇನ್ನೊಂದು ಹಂಗಾಮು ಕಾಲು ಎಳೆಯಬೇಕಾಯಿತಲ್ಲ, ಬೇಜಾರಾಗಿದ್ದರೇನು?

"ಇಲ್ಲವ್ವಾ," ಎಂದರು ಕಾಕಿ. "ಆವತ್ತ ನಿಮ್ಮ ಮನ್ಯಾಗಿಂದ ಬಂದಾವ್ರ ಎರಡು ರೊಟ್ಟಿ ಜಾಸ್ತಿ ಉಂಡ್ರು. ಕಂಪನಿಗೆ ಇಲ್ಲ ಅಂದಿದ್ದು ಅದ ಮೊದಲಂತ. ಬಸ್ ಸ್ಟ್ಯಾಂಡಿನ ಗಡಿಬಿಡ್ಯಾಗ ಹೇಳಾಕ ಆಗಲಿಲ್ಲ, ನೀ ಮನಿಗೆ ಬಂದ್ರ ಹೇಳಬೇಕಂತ ಭಾಳ ದಿನ ದಾರಿ ನೋಡಿದ್ರು."

ಇಷ್ಟು ದಿನದ ಭಾರ ಇಳಿಯಿತು. ಅವರಿದ್ದಾಗಲೇ ಒಮ್ಮೆ ಬರಬೇಕಿತ್ತು.